ನಮ್ಮನೆ ಕೊಕ್ಕರೆ, ಅವರ ಬೀಮರ್

ಮೇಲುಕೋಟೆ ವೈರಮುಡಿಗೆ ಹೊರಟಿದ್ದೆವು. ನನಗಾಗ ಹತ್ತೋ ಹನ್ನೊಂದೋ ವರ್ಷ. ಬಿಸಿಲು ಏರುವ ಮೊದಲೇ ಮೈಸೂರು ಬಿಡಬೇಕು ಅಂತ ಅಪ್ಪ ಹೇಳಿದ್ದರು. ಬಿಟ್ಟಿದ್ದು ಹನ್ನೊಂದೂವರೆಗೆ. ಹಿಂದಿನ ಸೀಟಿನಲ್ಲಿ ಅಜ್ಜಿ, ಅಮ್ಮ, ಅಕ್ಕ, ನಾನು, ನನ್ನ ತೊಡೆ ಮೇಲೆ ಪುಳಿಯೋಗರೆ ಡಬ್ಬಿ. ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಕಡೆ ತಿರುಗಿದ ಮೇಲೆ, ನಾಲೆ ಏರಿಯ ಹತ್ತಿರ, ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಅಪ್ಪ ಸೆಲ್ಫ್ ಹೊಡೆದರು. ಇಂಜಿನ್ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಇಳಿದು ಬಾನೆಟ್ ಎತ್ತಿದರು. 'ಪೆಟ್ರೋಲ್ ಪಂಪು ಕಾದುಹೋಗಿದೆ' ಅಂದರು. ಹಳೇ ಕಾರ್ಬುರೇಟರ್ ಗಾಡಿಗಳಲ್ಲಿ, ಯಾವ ಕಂಪನಿಯದ್ದಾದರೂ ಸರಿ, ಇದು ಮಾಮೂಲಿ. ಪಂಪು ಇಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಇಂಜಿನ್ ಕಾದರೆ ಅದೂ ಕಾಯುತ್ತದೆ, ಒಳಗಿನ ಪೆಟ್ರೋಲು ಆವಿಯಾಗುತ್ತದೆ. ಪೆಟ್ರೋಲನ್ನು ಎಳೆದು ಗೊತ್ತಿರುವ ಪಂಪಿಗೆ ಆವಿಯನ್ನು ಎಳೆಯಲು ಬರುವುದಿಲ್ಲ. ಮದ್ದು ಒಂದೇ, ಒದ್ದೆ ಬಟ್ಟೆ. ಪುಣ್ಯಕ್ಕೆ ನಾಲೆಯಲ್ಲಿ ನೀರಿತ್ತು. ಅಪ್ಪ ಹೆಗಲ ಮೇಲಿನ ಟವೆಲ್ ಅದ್ದಿ ತಂದು ಪಂಪಿಗೆ ಸುತ್ತಿದರು. ಚುಂಯ್ ಅಂತು.

'ಜ್ವರ ಬಂದದೇನ್ಲಾ ಇದ್ಕೆ?' ಅಂತ ಅಜ್ಜಿ ಕೇಳಿದರು. ಹೊಂಗೆ ಮರದ ನೆರಳಿನಲ್ಲಿ ಕಾಲು ಚಾಚಿ ಕೂತು, ಎಲೆಯಡಿಕೆ ಮಡಿಸುತ್ತಾ, ಕಾರನ್ನೇ ಸ್ವಲ್ಪ ಹೊತ್ತು ನೋಡಿದರು. ಅಜ್ಜಿ ಹುಟ್ಟಿದ್ದು ಮದ್ದೂರು ತಾಲ್ಲೂಕಿನಲ್ಲಿ, ಕೊಕ್ಕರೆ ಬೆಳ್ಳೂರಿನ ಪಕ್ಕದ ಒಂದು ಹಳ್ಳಿಯಲ್ಲಿ. ಅಲ್ಲಿ ಊರೊಳಗಿನ ಮರಗಳ ಮೇಲೇ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಬಿಸಿಲು ಜಾಸ್ತಿಯಾದರೆ ತಾಯಿ ಹಕ್ಕಿ ರೆಕ್ಕೆ ಬಿಚ್ಚಿ ಮರಿಗಳ ಮೇಲೆ ಕೊಡೆ ಹಿಡಿದಂತೆ ನಿಲ್ಲುತ್ತದೆ. 'ಕೊಕ್ಕರೆ ನಿಂತಂಗೆ ನಿಂತದೆ ನೋಡು' ಅಂದರು ಅಜ್ಜಿ. ಕಾರು ಬಿಳಿ. ಎದುರಿಗೆ ಗದ್ದೆ. ಬಾನೆಟ್ ಮೇಲಕ್ಕೆ.

ಅವತ್ತಿನಿಂದ ಅದು ಕೊಕ್ಕರೆ.

ಕಾರಿನ ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೆ ಅದರ ಅಭಿಮಾನಿಗಳು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಅದೂ ಅಲ್ಲದೆ ನಮ್ಮನೆಯಲ್ಲಿ ಆ ಹೆಸರನ್ನು ಯಾರೂ ಬಳಸಿದ್ದೇ ಇಲ್ಲ. ಅದಿದ್ದದ್ದು ಆರ್‌ಸಿ ಪುಸ್ತಕದಲ್ಲಿ ಮಾತ್ರ.

ಇದೆಲ್ಲ ನೆನಪಾದದ್ದು ಅಕ್ಕನ ಮಗನಿಂದ. ಹೋದ ತಿಂಗಳು ಇಬ್ಬರೂ ಬೆಂಗಳೂರಿನಿಂದ ಬರುವಾಗ ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿದ್ದೆವು. ಪಕ್ಕದಲ್ಲಿ ಒಂದು ಬಿಎಂಡಬ್ಲ್ಯೂ ಬಂದು ನಿಂತಿತು.

'ಮಾವ, ಬೀಮರ್ ನೋಡಿ!'

'ಬೀಮರ್ ಅಂದ್ರೆ ಬೈಕ್ ಕಣೋ. ಕಾರಿಗೆ ಬಿಮ್ಮರ್ ಅನ್ನಬೇಕು.'

ಹುಡುಗ ನಂಬಲಿಲ್ಲ. ಮೊಬೈಲ್ ತೆಗೆದು ನೋಡಿ ಸುಮ್ಮನಾದ. ಈ ವಯಸ್ಸಿನಲ್ಲಿ ಇಂಥ ಗೆಲುವುಗಳು ಅಪರೂಪ, ಅದಕ್ಕೇ ಬರೆದುಕೊಳ್ಳುತ್ತಿದ್ದೇನೆ.

ಕಥೆ ಹೀಗಿದೆ. ಬ್ರಿಟನ್ನಿನಲ್ಲಿ ಬಿಎಸ್‌ಎ ಅಂತ ಬೈಕುಗಳಿದ್ದವು. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅಂದರೆ ಬಂದೂಕು ಮಾಡುತ್ತಿದ್ದ ಕಂಪನಿ. ಅದರ ಬೈಕಿಗೆ ಅಲ್ಲಿನ ಹುಡುಗರು ಪ್ರೀತಿಯಿಂದ 'ಬೀಝರ್' ಅನ್ನುತ್ತಿದ್ದರು. ರೇಸಿನಲ್ಲಿ ಎದುರಿಗೆ ಜರ್ಮನಿಯ ಬಿಎಂಡಬ್ಲ್ಯೂ ಬೈಕು ಬಂತು. ಬೀಝರ್‌ಗೆ ಪ್ರಾಸ ಬೇಕಲ್ಲ, ಅದು 'ಬೀಮರ್' ಆಯಿತು. ಆಮೇಲೆ ಅಮೆರಿಕದಲ್ಲಿ ಅದೇ ಕಂಪನಿಯ ಕಾರುಗಳ ಹುಚ್ಚು ಹತ್ತಿದಾಗ ಕಾರಿನವರು ತಮ್ಮದು ಬೇರೆ ಇರಲಿ ಅಂತ 'ಬಿಮ್ಮರ್' ಮಾಡಿಕೊಂಡರು. ಕಟ್ಟಾ ಅಭಿಮಾನಿಗಳು ಈ ಒಂದು ದೀರ್ಘಕ್ಕಾಗಿ ಇವತ್ತಿಗೂ ಜಗಳ ಆಡುತ್ತಾರೆ. ಹ್ರಸ್ವ ದೀರ್ಘದ ಜಗಳ ನಮ್ಮ ಕನ್ನಡ ಮೇಷ್ಟರುಗಳಿಗೆ ಮಾತ್ರ ಅಂದುಕೊಂಡಿದ್ದೆ.

ಹುಡುಗ ಬಿಡಲಿಲ್ಲ. ದಾರಿಯುದ್ದಕ್ಕೂ ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದ. ನಿಸಾನ್ ಸ್ಕೈಲೈನ್ ಜಿಟಿ-ಆರ್‌ಗೆ 'ಗಾಡ್‌ಝಿಲ್ಲಾ' ಅಂತ ಹೆಸರಿಟ್ಟದ್ದು 1989ರಲ್ಲಿ ಆಸ್ಟ್ರೇಲಿಯಾದ ಒಂದು ಕಾರು ಪತ್ರಿಕೆಯಂತೆ. ಜಪಾನಿನಿಂದ ಬಂದು ಎಲ್ಲರನ್ನೂ ತುಳಿಯುವ ಪ್ರಾಣಿ ಅಂತ. ಆ ಕಾರು 1991 ಮತ್ತು 1992ರಲ್ಲಿ ಬಾಥರ್ಸ್ಟ್ ರೇಸು ಗೆದ್ದು ಹೆಸರು ಉಳಿಸಿಕೊಂಡಿತು. ಲ್ಯಾಂಬೊರ್ಗಿನಿ ಅಂದರೆ ಲ್ಯಾಂಬೊ, ಜಾಗ್ವಾರ್ ಅಂದರೆ ಜಾಗ್, ಶೆವರ್ಲೆಟ್ ಅಂದರೆ ಶೆವಿ. ಕೇಳುತ್ತಾ ಕೇಳುತ್ತಾ ನನಗೊಂದು ವಿಷಯ ಹೊಳೆಯಿತು. ಇಂಗ್ಲಿಷಿನವರಿಗೆ ಗಾಡಿಯ ಮೇಲೆ ಪ್ರೀತಿ ಬಂದರೆ ಹೆಸರಿನ ಬಾಲ ಕತ್ತರಿಸುತ್ತಾರೆ.

ನಾವು ಬಾಲ ಹಚ್ಚುತ್ತೇವೆ.

ಯೋಚಿಸಿ ನೋಡಿ. ಬಸ್ ಬಂತು, ಬಸ್ಸು ಮಾಡಿದೆವು. ಕಾರು, ಜೀಪು, ಫೋರ್ಡು, ಬೆಂಜು. ಕನ್ನಡದ ಬಾಯಿಗೆ ಮಾತು ಅರ್ಧ ಅಕ್ಷರದಲ್ಲಿ ನಿಲ್ಲುವುದು ಹಿಡಿಸುವುದಿಲ್ಲ. ಕೊನೆಗೊಂದು 'ಉ' ಬೇಕು. ಮನೆಗೆ ಬಂದವರಿಗೆ ಮಣೆ ಹಾಕಿದ ಹಾಗೆ ಅದು. ಮಣೆ ಹಾಕಿದ ಮೇಲೆ ಊಟಕ್ಕೂ ಬಡಿಸಬಹುದು: ಬೆಂಜಿನಲ್ಲಿ, ಬೆಂಜಿಗೆ, ಬೆಂಜಿಂದ. ವಿಚಿತ್ರ ಅಂದರೆ ಮನುಷ್ಯರ ಹೆಸರಿಗೆ ನಾವೂ ಕತ್ತರಿಯನ್ನೇ ಹಾಕುತ್ತೇವೆ. ಮಂಡ್ಯ ಕಡೆ ಸಿದ್ದರಾಜು ಸಿದ್ದ ಆಗುತ್ತಾನೆ, ನಾಗರಾಜ ನಾಗ ಆಗುತ್ತಾನೆ. ಗಾಡಿಗೆ ಮಾತ್ರ ಮರ್ಯಾದೆ.

ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲಿ 'ಪಯಣ' ಅಂತ ಹಳೇ ಕಾರುಗಳ ಮ್ಯೂಸಿಯಂ ಇದೆಯಲ್ಲ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹ. ಅವತ್ತು ಅಲ್ಲೂ ನಿಲ್ಲಿಸಿದೆವು. ಪಂಚೆ ಉಟ್ಟ ಹಿರಿಯರೊಬ್ಬರು ಮೊಮ್ಮಗಳ ಕೈ ಹಿಡಿದು ಒಂದೊಂದೇ ಕಾರು ನೋಡುತ್ತಿದ್ದರು. 'ನಮ್ಮೂರ ಪಟೇಲ್ರ ಮನೇಲಿ ಷವರ್ಲೆಟ್ಟು ಇತ್ತು, ಪಟೇಲ್ರು ಸತ್ತ ಮೇಲೆ ಅದರೊಳಗೆ ಕೋಳಿ ಮೊಟ್ಟೆ ಇಡ್ತಿದ್ವು' ಅಂದರು. ನನ್ನ ಅಕ್ಕನ ಮಗ ಬಾಯಿ ತೆರೆಯುವ ಮೊದಲೇ ನಾನು ಅವನ ಕೈ ಅದುಮಿದೆ. ಹೌದು, ಅದು ಶೆವ್ರೊಲೆ, ಕೊನೆಯ 'ಟ' ಹೇಳಬಾರದು. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ ಲೂಯಿ ಶೆವ್ರೊಲೆ ಅನ್ನುವವರ ಹೆಸರು ಅದು. ಆದರೆ ಆ 'ಟ್ಟು' ಇಲ್ಲದೆ ಪಟೇಲರ ಕಾರಿಗೆ ಗತ್ತು ಎಲ್ಲಿಂದ ಬರಬೇಕು?

ಆ ಕಂಪನಿಯವರಿಗೂ ಹೆಸರಿನ ವಿಷಯದಲ್ಲಿ ಒಮ್ಮೆ ಮಡಿ ಹೆಚ್ಚಾಗಿತ್ತು. 2010ರ ಜೂನಿನಲ್ಲಿ ಡೆಟ್ರಾಯಿಟ್‌ನ ಕಚೇರಿಯಲ್ಲಿ ಸುತ್ತೋಲೆ ಬಂತು. ಇನ್ನು ಮೇಲೆ ಯಾರೂ 'ಶೆವಿ' ಅನ್ನಬಾರದು, ಪೂರ್ತಿ ಹೆಸರು ಹೇಳಬೇಕು. ಬಾಯಿ ತಪ್ಪಿದವರು ಕಾಲು ಡಾಲರ್ ಹಾಕಲು ಒಂದು ಡಬ್ಬಿ ಬೇರೆ. ಸುದ್ದಿ ಹೊರಗೆ ಬಿದ್ದು ಜನ ನಕ್ಕ ಮೇಲೆ ಒಂದೇ ದಿನಕ್ಕೆ ಕಂಪನಿ ರಾಗ ಬದಲಿಸಿತು. ಅಡ್ಡಹೆಸರಿಗೆ ದಂಡ ಹಾಕುವುದು ಅಂದರೆ ಮಂಡ್ಯದವರಿಗೆ 'ಲಾ' ಅನ್ನಬೇಡಿ ಅಂದ ಹಾಗೆ.

ಮಂಡ್ಯ ಅಂದ ಮೇಲೆ ಅಂಬಾಸಿಡರ್ ವಿಷಯ ಹೇಳಲೇಬೇಕು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆಗಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ದೇಶದ ಇಂಗ್ಲಿಷ್ ಪತ್ರಿಕೆಗಳೆಲ್ಲ ಅದನ್ನು ಮುದ್ದಿನಿಂದ 'ಅಂಬಿ' ಅಂತ ಬರೆದವು. ನಮ್ಮ ಕಡೆ ಆ ಹೆಸರು ನಿಲ್ಲಲೇ ಇಲ್ಲ. ನಿಲ್ಲುವುದು ಹೇಗೆ? ಮಂಡ್ಯದಲ್ಲಿ ಅಂಬಿ ಅಂದರೆ ಒಬ್ಬರೇ, ದೊಡ್ಡರಸಿನಕೆರೆಯ ಅಂಬರೀಶ್. 'ಅಂಬಿ ಬಂದ' ಅಂದರೆ ಜನ ರಸ್ತೆಗೆ ಓಡಿ ಬರುತ್ತಿದ್ದರು, ಕಾರು ನೋಡುವುದಕ್ಕಲ್ಲ. ಹಾಗಾಗಿ ಕಾರು ಅಂಬಾಸಡ್ರು ಆಗಿಯೇ ಉಳಿಯಿತು. ನಮ್ಮಜ್ಜಿಗೆ ಅದು 'ಬಸ್ರಿ ಕಾರು'. ಗುಂಡಗಿನ ಮೈ, ನಿಧಾನದ ನಡಿಗೆ, ಎಲ್ಲರೂ ದಾರಿ ಬಿಡುತ್ತಿದ್ದರು.

ಬೆಂಜಿನ ವಿಷಯದಲ್ಲಂತೂ ನಾವು ಒಂದು ಹುಡುಗಿಗೆ ಅನ್ಯಾಯ ಮಾಡಿದ್ದೇವೆ. ಎಮಿಲ್ ಯೆಲ್ಲಿನೆಕ್ ಅನ್ನುವ ಶ್ರೀಮಂತ ವ್ಯಾಪಾರಿ ಫ್ರಾನ್ಸಿನ ನೀಸ್ ಊರಿನಲ್ಲಿದ್ದರು. ಡೈಮ್ಲರ್ ಕಂಪನಿಯ ಕಾರುಗಳನ್ನು ಮಾರುತ್ತಿದ್ದರು, ಓಡಿಸುತ್ತಿದ್ದರು, ಇನ್ನೂ ಜೋರಾದ ಕಾರು ಮಾಡಿ ಅಂತ ಕಂಪನಿಯವರ ತಲೆ ತಿನ್ನುತ್ತಿದ್ದರು. ಮಗಳ ಹೆಸರು ಮರ್ಸಿಡಿಸ್. ರೇಸಿಗೆ ಇಳಿಯುವಾಗ ತಮ್ಮ ಹೆಸರಿನ ಬದಲು ಮಗಳ ಹೆಸರು ಕೊಡುತ್ತಿದ್ದರು. 1901ರ ಹೊಸ ಕಾರಿಗೂ ಅದೇ ಹೆಸರಾಯಿತು, 1902ರಲ್ಲಿ ಅದು ನೋಂದಣಿಯೂ ಆಯಿತು. 1903ರಲ್ಲಿ ಅಪ್ಪ ತನ್ನ ಹೆಸರಿಗೇ ಅದನ್ನು ಸೇರಿಸಿಕೊಂಡು ಯೆಲ್ಲಿನೆಕ್-ಮರ್ಸಿಡಿಸ್ ಆದರು. ಮಕ್ಕಳು ಅಪ್ಪನ ಹೆಸರಿನ ಇನಿಷಿಯಲ್ ಹಾಕಿಕೊಳ್ಳುವ ನಮ್ಮೂರಿನಲ್ಲಿ ಇದನ್ನು ಹೇಳಿದರೆ ನಂಬುವವರು ಕಡಿಮೆ. ಆ ಹೆಸರಿನ ಅರ್ಥ ಕರುಣೆ ಅಂತ. ಕಾರಿನ ಪೂರ್ತಿ ಹೆಸರು ಮರ್ಸಿಡಿಸ್-ಬೆಂಜ್. ನಾವು ಕರುಣೆಯನ್ನು ಬಿಟ್ಟೆವು, ಬೆಂಜನ್ನು ಇಟ್ಟುಕೊಂಡೆವು. ಒಂದು ಕಾಲದಲ್ಲಿ ಲಾರಿಗೂ ಬೆಂಜ್ ಲಾರಿ ಅನ್ನುತ್ತಿದ್ದರು. 1954ರಿಂದ ಹದಿನೈದು ವರ್ಷ ಟಾಟಾ ಲಾರಿಗಳು ಆ ಜರ್ಮನ್ ಕಂಪನಿಯ ಜೊತೆಗೂಡಿ ತಯಾರಾಗುತ್ತಿದ್ದವು. ಎದುರಾಳಿ ಲೇಲ್ಯಾಂಡ್ ಲಾರಿಯ ಹಿಂದೆಯೂ ಒಂದು ಮಗು ಇದೆ. 1948ರಲ್ಲಿ ಅಶೋಕ್ ಮೋಟರ್ಸ್ ಶುರು ಮಾಡಿದ ರಘುನಂದನ್ ಸರನ್ ಅವರ ಮಗನ ಹೆಸರು ಅಶೋಕ್. ನಮ್ಮ ಹೆದ್ದಾರಿಯಲ್ಲಿ ಸುಮಾರು ದಿನ ಒಬ್ಬರ ಮಗಳೂ ಇನ್ನೊಬ್ಬರ ಮಗನೂ ಸೈಡು ಕೊಡದೆ ಓಡಿದ್ದಾರೆ ಅಂತಾಯಿತು.

ಮೈಸೂರಿನವನಾಗಿ ಜಾವಾ ಬಿಟ್ಟು ಮುಂದೆ ಹೋದರೆ ಯಾದವಗಿರಿ ಕಡೆ ತಲೆ ಹಾಕುವಂತಿಲ್ಲ. ಅದು ಬೈಕು, ಕಾರಲ್ಲ. ಇರಲಿ. ಜಾವಾ ಅಂದರೆ ದ್ವೀಪ ಅಂತ ನಾನು ಹೈಸ್ಕೂಲಿನವರೆಗೂ ನಂಬಿದ್ದೆ. ಪ್ರಾಗ್‌ನ ಯಾನೆಚೆಕ್ ಅನ್ನುವವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕು ವಿಭಾಗ ಕೊಂಡು, ತಮ್ಮ ಹೆಸರಿನ ಎರಡಕ್ಷರ, ಅದರ ಹೆಸರಿನ ಎರಡಕ್ಷರ ಸೇರಿಸಿದರು. ಟಾಟಾ ಸುಮೋ ಕಥೆಯೂ ಇದೇ ಜಾಯಮಾನದ್ದು. ಜಪಾನಿನ ಪೈಲ್ವಾನ ಅಲ್ಲ, ಕಂಪನಿಯನ್ನು ಕಟ್ಟಿದ ಸುಮಂತ್ ಮೂಳಗಾಂವ್ಕರ್ ಅವರ 'ಸು' ಮತ್ತು 'ಮೂ'. 1961ರಲ್ಲಿ ಜಾವಾ ಮೈಸೂರಿಗೆ ಬಂತು. 1970ರ ದಶಕದಲ್ಲಿ ಅದೇ ಕಾರ್ಖಾನೆಯ ಬೈಕು ಎಜ್ಡಿ ಆಯಿತು. ಮಾಲೀಕರಾದ ಇರಾನಿಯವರ ಹಿರಿಯರ ನಾಡಿನ ಯಜ್ದ್ ಊರಿನ ಹೆಸರು ಅಂತ ಕೆಲವರು ಹೇಳುತ್ತಾರೆ. ಚೆಕ್ ಭಾಷೆಯಲ್ಲಿ 'ಯೆಜ್ದಿ' ಅಂದರೆ ಓಡುತ್ತದೆ ಅಂತ, ಅದರಿಂದಲೇ ಬಂದದ್ದು ಅಂತ ಇನ್ನು ಕೆಲವರು. ಎರಡನ್ನೂ ಒಂದೇ ಟೀ ಅಂಗಡಿಯಲ್ಲಿ ಕೇಳಿದ್ದೇನೆ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಬೈಕಿನ ಮೇಲೆ ಎಜ್ಡಿ ಅಂತ ಬಂದು ಅಷ್ಟು ವರ್ಷ ಆದರೂ ನಮ್ಮಪ್ಪನ ಬಾಯಲ್ಲಿ ಅದು ಕೊನೆಯವರೆಗೂ ಜಾವಾ ಫ್ಯಾಕ್ಟರಿ.

ಆ ಬೈಕಿಗೆ ಎಡಗಡೆ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಮುಂದಕ್ಕೆ ಮಡಚಿದರೆ ಅದೇ ಗೇರು. ಹೊಸಬರು ಓಡಿಸಲು ಕೂತರೆ ಬಲಗಡೆ ಕಾಲಾಡಿಸಿ ಕಿಕ್ಕರ್ ಹುಡುಕುತ್ತಿದ್ದರು. ನಾವು ಪಕ್ಕದಲ್ಲಿ ನಿಂತು ಸುಮ್ನೆ ನೋಡುತ್ತಿದ್ದೆವು. ಯಾರೂ ಹೇಳಿಕೊಡುತ್ತಿರಲಿಲ್ಲ. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಬೀದಿ ಕೊನೆಯಲ್ಲಿ ಆ ಸದ್ದು ಕೇಳಿದರೆ ಅಮ್ಮ ಒಲೆ ಮೇಲೆ ಕಾಫಿಗೆ ನೀರಿಡುತ್ತಿದ್ದರು.

ಹೊರದೇಶದಲ್ಲೂ ಒಳ್ಳೆಯ ಹೆಸರುಗಳನ್ನು ಇಟ್ಟದ್ದು ಬೀದಿಯ ಜನವೇ. ಫೋಕ್ಸ್‌ವ್ಯಾಗನ್ ಬೀಟಲ್ ಕಂಪನಿಯ ಕಾಗದದಲ್ಲಿ ಬರೀ 'ಟೈಪ್ 1'. ಜರ್ಮನರು ಅದಕ್ಕೆ ದುಂಬಿ ಅಂದರು, ಫ್ರೆಂಚರಿಗೆ ಅದು ಚುಕ್ಕೆ ಚುಕ್ಕೆಯ ಗುಲಗಂಜಿ ಹುಳ, ಮೆಕ್ಸಿಕೋದಲ್ಲಿ ವೋಚೊ. ಬ್ರೆಜಿಲಿನವರದು ನನಗೆ ಎಲ್ಲಕ್ಕಿಂತ ಇಷ್ಟ. ಜರ್ಮನ್ನಿನಲ್ಲಿ 'ವಿ' ಅಕ್ಷರವನ್ನು 'ಫೌ' ಅನ್ನುತ್ತಾರೆ. ಫೌ, ಫೋಕ್ಸ್ ಅಂತ ಕೇಳಿಸಿದ್ದು ಅವರ ನಾಲಿಗೆಯಲ್ಲಿ ಹೊರಳಿ ಹೊರಳಿ 'ಫುಸ್ಕ' ಆಯಿತು. ಷವರ್ಲೆಟ್ಟಿನ ತಾತ ಬ್ರೆಜಿಲಿಗೆ ಹೋದರೆ ಒಂಟಿಯಾಗುವುದಿಲ್ಲ. ಇಟಲಿಯವರು 1936ರ ಪುಟ್ಟ ಫಿಯೇಟಿಗೆ 'ಟೊಪೊಲಿನೊ' ಅಂದರು, ಪುಟ್ಟ ಇಲಿ ಅಂತ. ಇಲಿ ವಾಹನ ನಮಗೇನು ಹೊಸದಲ್ಲ ಬಿಡಿ.

ನಮ್ಮಲ್ಲಿ ಜಾಸ್ತಿ ನಡೆದದ್ದು ಇನ್ನೊಂದು. ಒಬ್ಬರ ಹೆಸರು ಇಡೀ ಜಾತಿಗೇ ಆಗಿಬಿಡುವುದು. ಮಣ್ಣು ಅಗೆಯುವ ಹಳದಿ ಯಂತ್ರ ಯಾವ ಕಂಪನಿಯದ್ದಾದರೂ ಜೆಸಿಬಿ. ಅದು ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಅನ್ನುವವರ ಹೆಸರು. ಟೆಂಪೋ ಟ್ರಾವೆಲರ್ ಟಿಟಿ ಆಯಿತು, ಈಗ ಧರ್ಮಸ್ಥಳಕ್ಕೆ ಹೋಗುವವರು ಯಾವ ವ್ಯಾನು ಬುಕ್ ಮಾಡಿದರೂ ಟಿಟಿ. ಮಂಡ್ಯದ ಹಳ್ಳಿಗಳಲ್ಲಿ ಹಸಿ ಹುಲ್ಲಿನ ಹೊರೆ ಒಂದೇ ರಸ್ತೆಯಲ್ಲಿ ಬರುತ್ತಿರುತ್ತದೆ, ಹತ್ತಿರ ಬಂದ ಮೇಲೆ ಅದರ ಕೆಳಗೆ ಎಕ್ಸೆಲ್ ಮೊಪೆಡ್ಡು ಕಾಣುತ್ತದೆ. ಸರ್ಕಾರಿ ಸಾರಿಗೆಯವರು ದೊಡ್ಡ ಎಸಿ ಬಸ್ಸಿಗೆ ಐರಾವತ ಅಂತ ಎಂಥ ಚೆಂದದ ಹೆಸರಿಟ್ಟರು! ಅದರಲ್ಲೂ ಆನೆಯ ಊರಿಗೆ ಬರುವ ಬಸ್ಸು. ಜನ ವೋಲ್ವೋ ಅಂದರು. ಲ್ಯಾಟಿನ್ನಿನಲ್ಲಿ ಅದಕ್ಕೆ 'ನಾನು ಉರುಳುತ್ತೇನೆ' ಅಂತ ಅರ್ಥ. ನನಗೆ ಇವತ್ತಿಗೂ ಸ್ವಲ್ಪ ಬೇಜಾರಿದೆ.

ಇದರ ದೊಡ್ಡ ಪಾಠಶಾಲೆ ಅಂದರೆ ಗ್ಯಾರೇಜು. ಕೊಕ್ಕರೆಯನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯ ಶೆಡ್ಡು ಲಷ್ಕರ್ ಮೊಹಲ್ಲಾದ ಒಂದು ಸಂದಿಯಲ್ಲಿತ್ತು. 'ಏ, ಹತ್ತು-ಹನ್ನೊಂದು ಕೊಡೋ' ಅಂದರೆ ಹುಡುಗ ಸ್ಪ್ಯಾನರ್ ಕೊಡುತ್ತಿದ್ದ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಅವರು ಡೆಲ್ಕೋ ಅನ್ನುತ್ತಿದ್ದರು. ಅದು ಅಮೆರಿಕದ ಡೇಟನ್ ಇಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿಯ ಮೊದಲಕ್ಷರಗಳು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ನಾವು ಹೊಡೆಯುವ ಸೆಲ್ಫೂ ಅಲ್ಲಿಂದಲೇ ಹೊರಟು 1912ರ ಕ್ಯಾಡಿಲಾ‌ಕ್ ಕಾರಿಗೆ ಬಂದದ್ದು. ಡಿಕ್ಕಿ ಅನ್ನುವುದು ಹಳೇ ಬ್ರಿಟಿಷ್ ಕಾರುಗಳ ಹಿಂಭಾಗದಲ್ಲಿ ಬಿಚ್ಚಿಕೊಳ್ಳುತ್ತಿದ್ದ ಸೀಟಿನ ಹೆಸರು. ಕನ್ನಡದಲ್ಲಿ ಡಿಕ್ಕಿ ಹೊಡೆಯುವುದೂ ಇದೆ. ಹಾಗಾಗಿ 'ಬಸ್ಸು ಡಿಕ್ಕಿಗೆ ಡಿಕ್ಕಿ ಹೊಡೀತು' ಅಂತ ಮೇಸ್ತ್ರಿ ಹೇಳಿದರೆ ನಾವು ಚಿಕ್ಕವರು ನಗುತ್ತಿದ್ದೆವು, ಅವರಿಗೆ ಯಾಕೆ ಅಂತ ಅರ್ಥವಾಗುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸ್ಟೆಪ್ನಿ. ಮೊದಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರುತ್ತಿರಲಿಲ್ಲ. 1904ರಲ್ಲಿ ವೇಲ್ಸ್‌ನ ಲನೆಲ್ಲಿ ಊರಿನಲ್ಲಿ ಡೇವಿಸ್ ಅಣ್ಣತಮ್ಮಂದಿರು ಒಂದು ಉಪಾಯ ಮಾಡಿದರು. ಕಡ್ಡಿಗಳಿಲ್ಲದ ಬರೀ ರಿಮ್ಮು, ಅದರ ಮೇಲೆ ಗಾಳಿ ತುಂಬಿದ ಟೈರು. ಪಂಚರ್ ಆದ ಚಕ್ರದ ಪಕ್ಕಕ್ಕೆ ಅದನ್ನು ಬಿಗಿದು ಓಡಿಸಬಹುದು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ನಮ್ಮಲ್ಲಿ ನಾಟಿ ಮಾಡುವ ಹೆಂಗಸರಿಗೂ ಆ ಬೀದಿಯ ಹೆಸರು ಗೊತ್ತು. ಬೀಮರ್, ಬಿಮ್ಮರ್ ಅಂತ ಪುಸ್ತಕದ ಹೆಸರು ಒಪ್ಪಿಸುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರು ಒಂದು ಸಲವಾದರೂ ಒದ್ದೆ ಟವೆಲ್ ಹಿಡಿದು ರಸ್ತೆಯಲ್ಲಿ ನಿಂತಿದ್ದರೆ ಗಾಡಿಗೆ ಬೇರೆ ಹೆಸರು ಸಿಗುತ್ತಿತ್ತು ಅನ್ನಿಸುತ್ತದೆ.

ಮೇಸ್ತ್ರಿಯ ಶೆಡ್ಡಿನ ಗೋಡೆಗೆ ಒಂದು ಹಲಗೆ, ಹಲಗೆಗೆ ಮೊಳೆಗಳು, ಮೊಳೆಗಳಲ್ಲಿ ಗಿರಾಕಿಗಳ ಕೀಲಿ. ಒಂದೊಂದು ಕೀಲಿಗೂ ತಗಡಿನ ಚೂರು, ಅದರ ಮೇಲೆ ಪೇಂಟಿನಲ್ಲಿ ಬರಹ. ನಂಬರ್ ಅಲ್ಲ, ಹೆಸರು. 'ಮೇಷ್ಟ್ರು ಫಿಯೇಟು', 'ಡಾಕ್ಟ್ರಮ್ಮ', 'ಕರಿಯ', 'ಲಾಯರ್ ಕೆಂಪು'. ನಮ್ಮದರ ಮೇಲೆ 'ಕೊಕ್ರೆ'. ಒತ್ತಿಗೊಂದು ಸುಳಿ ಜಾಸ್ತಿ ಹಾಕಿದ್ದರು. ನಾನು ಆ ತಪ್ಪನ್ನು ತೋರಿಸಿದಾಗ 'ಹಾರ್ತದೆ ಬಿಡಿ ಸಾರ್, ಬಾಲ ಇರ್ಲಿ' ಅಂದಿದ್ದರು.

2004ರಲ್ಲಿ ಕಾರನ್ನು ಕೊಳ್ಳೇಗಾಲದ ಕಡೆಯವರೊಬ್ಬರು ಕೊಂಡುಕೊಂಡು ಹೋದರು. ಕೀಲಿ ಕೊಡುವ ಮೊದಲು ಅಪ್ಪ ಆ ತಗಡನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅಜ್ಜಿ ಆಗಲೇ ಇರಲಿಲ್ಲ. ಆಮೇಲೆ ಬಂದ ಕಾರಿಗೆ ಅದೇ ತಗಡು ಕಟ್ಟಿದರು. ಅದು ನೀಲಿ. ಅದರ ಮೇಲೆ ಇನ್ನೊಂದು ಬಂತು, ಈಗಿರುವುದು ಇಟ್ಟಿಗೆ ಬಣ್ಣದ್ದು. ಕಂಪ್ಯೂಟರ್ ಇಟ್ಟುಕೊಂಡ ಗಾಡಿ, ಬಾನೆಟ್ ಎತ್ತಿ ನೋಡುವ ಕೆಲಸವೇ ಬಂದಿಲ್ಲ.

ಅವತ್ತು ಮದ್ದೂರಿನಿಂದ ಬಂದು ಮನೆ ಮುಂದೆ ನಿಲ್ಲಿಸಿದಾಗ ನನ್ನ ಹೆಂಡತಿ ಗೇಟಿನ ಹತ್ತಿರ ನಿಂತಿದ್ದಳು. 'ಕೊಕ್ಕರೆ ಸ್ವಲ್ಪ ಹಿಂದಕ್ಕೆ ತಗೊಳ್ಳಿ, ಹಾಲಿನವನ ಎಕ್ಸೆಲ್ ಬರಬೇಕು' ಅಂದಳು. ಅಕ್ಕನ ಮಗ ಇಟ್ಟಿಗೆ ಬಣ್ಣದ ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

'ಮಾವ, ಕೊಕ್ಕರೆ ಎಲ್ಲಿ?'

ನಾನು ರಿವರ್ಸ್ ಗೇರ್ ಹಾಕಿದೆ.